ಹೊಸ್ತಿಲಾಚೆಯ ಕೋವಿ

ನನ್ನ ಮಾವ ಪ್ಯಾಪ್ ಮಾತು ಕೊಟ್ಟದ್ದು ನವೆಂಬರಿನ ಟರ್ಕಿ ಕೋಳಿಯ ಹಬ್ಬದೂಟದ ದಿನ, ಮೇಜಿನ ಸುತ್ತ ಕೂತಿದ್ದ ಎಲ್ಲರ ಎದುರಿಗೆ.

ಅವರ ಮಗಳು ನೇಡೀನ್ ಪ್ರತಿ ವರ್ಷದಂತೆ ಆ ವರ್ಷವೂ ಅದೇ ವಿಷಯ ಎತ್ತಿದ್ದಳು. "ಅಪ್ಪಾ, ಈ ಚಳಿಗಾಲಕ್ಕಾದ್ರೂ ನಮ್ಮನೆಗೆ ಬಂದ್ಬಿಡು. ಕೆಳಗಿನ ಕೋಣೆ ಖಾಲಿ ಇದೆ, ಮೆಟ್ಟಿಲು ಹತ್ತೋ ಕೆಲ್ಸ ಇಲ್ಲ. ಆಸ್ಪತ್ರೆ ಎರಡೇ ಬೀದಿ ಆಚೆ."

"ಆಸ್ಪತ್ರೆ ಹತ್ರ ಇರೋರೆಲ್ಲ ಅಲ್ಲಿಗೇ ಹೋಗಿ ಸಾಯ್ತಾರೆ," ಎಂದರು ಪ್ಯಾಪ್. ಆಮೇಲೆ ಚಾಕು ಕೆಳಗಿಟ್ಟು ಬಾಯಿ ಒರೆಸಿಕೊಂಡರು. "ಸರಿ, ಬರ್ತೀನಿ. ಆದ್ರೆ ಮೊದ್ಲು ಆ ಕೋವಿ ಇನ್ನೊಬ್ರ ಕೈಗೆ ಹೋಗಿ ಒಂದು ಜಿಂಕೆ ಬೀಳಿಸ್ಬೇಕು. ನಮ್ಮಜ್ಜನ ಕಾಲದ್ದು ಅದು, ನನ್ ಕೈಯಲ್ಲೇ ತಣ್ಣಗಾಗಬಾರ್ದು. ಜಿಂಕೆ ಬಿದ್ದ ಮುಂದಿನ ಭಾನುವಾರ ನಾನೇ ಪೆಟ್ಟಿಗೆ ಕಟ್ಕೊಂಡು ಬರ್ತೀನಿ. ಅಲ್ಲೀವರೆಗೆ ಯಾರೂ ಈ ಮಾತು ಎತ್ತಬಾರ್ದು."

ನೇಡೀನಳ ಗಂಡ ಬಂದೂಕು ಮುಟ್ಟಿದವನಲ್ಲ. ಅವರಿಗೆ ಮಕ್ಕಳಿಲ್ಲ. ಪ್ಯಾಪ್ ಅವರ ಒಬ್ಬನೇ ಮಗ, ನನ್ನ ಗಂಡ ಡ್ವೇನ್, ಮರ ಕೊಯ್ಯುವ ಮಿಲ್ಲಿನಲ್ಲಿ ಎದೆ ಹಿಡಿದುಕೊಂಡು ಕುಸಿದು ಆರು ವರ್ಷವಾಗಿತ್ತು. ಹಾಗಾಗಿ ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ನಾನು ಆಲೂಗಡ್ಡೆಯ ಪಾತ್ರೆ ಹಿಡಿದು ನಿಂತಿದ್ದೆ.

"ಲೊರೀನ್ ಎರಡು ಚಳಿಗಾಲದಿಂದ ಹೊಡೀತಾನೇ ಇದಾಳಲ್ಲ," ಎಂದು ಪಕ್ಕದ ಜಮೀನಿನ ಎಲ್ವುಡ್ ನಕ್ಕ. ಹೆಂಡತಿ ಸತ್ತ ಮೇಲೆ ಅವನ ಹಬ್ಬದೂಟ ನಮ್ಮಲ್ಲೇ. "ಒಂದ್ಸಲ ಹಿಮಕ್ಕೆ ಹೊಡೆದ್ಲು, ಇನ್ನೊಂದ್ಸಲ ಮದ್ದೇ ಹಾಕ್ದೆ ಬರೀ ಗುಂಡು ಜಡಿದ್ಲು. ಜಿಂಕೆಗಳು ಇವಳನ್ನ ಕಂಡ್ರೆ ಕೈ ಬೀಸಿ ಹೋಗ್ತವೆ."

"ಈ ಸಲ ಬೀಳಿಸ್ತೀನಿ," ಎಂದೆ.

ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು ಯಾಕೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಈರಿ ಪಟ್ಟಣದಲ್ಲಿ ನನ್ನ ಅಕ್ಕ ಲೋಯಿಸ್ ಇದ್ದಾಳೆ. ಅವಳು ಕೆಲಸ ಮಾಡುವ ಬೇಕರಿಗೆ ಬೆಳಗಿನ ಜಾವ ಹಿಟ್ಟು ನಾದುವವಳು ಬೇಕಾಗಿತ್ತು. ಫೆಬ್ರವರಿ ಒಂದರವರೆಗೆ ಕಾಯುತ್ತೇವೆ ಎಂದಿದ್ದರು. ಇರಲು ಲೋಯಿಸಳ ಮನೆಯ ಅಟ್ಟದ ಕೋಣೆ. ನನಗೆ ಐವತ್ತೊಂದು. ಈ ಕಣಿವೆಗೆ ಬಂದಾಗ ಇಪ್ಪತ್ತನಾಲ್ಕು. ಈ ವಯಸ್ಸಿನಲ್ಲಿ ನಾನು ಬೇಡಿದ್ದು ಒಂದು ಅಟ್ಟ ಮತ್ತು ಬೇರೆಯವರ ಹಿಟ್ಟು.

ಪ್ಯಾಪ್ ಕೆಟ್ಟವರಾಗಿದ್ದರೆ ನಾನು ಎಂದೋ ಹೋಗಿರುತ್ತಿದ್ದೆ. ಅವರು ಒಮ್ಮೆಯೂ ಗದರಿದವರಲ್ಲ. ನಾನು ಮಾಡಿದ್ದನ್ನೆಲ್ಲ ಚೆನ್ನಾಗಿದೆ ಎಂದೇ ತಿನ್ನುತ್ತಾರೆ. ಆದರೆ ನಾನು ಕೋಳಿಗಳಿಗೆ ಕಾಳು ಹಾಕಲು ಹೋಗಿ ಹತ್ತು ನಿಮಿಷವಾದರೆ ಕಿಟಕಿಯಲ್ಲಿ ಅವರ ಮುಖ. ಅಂಗಡಿಗೆ ನಲವತ್ತು ನಿಮಿಷದ ದಾರಿ. ತಿರುಗಿ ಬಂದಾಗ ಕೋಟು ಹಾಕಿಕೊಂಡು ಜಗಲಿಯಲ್ಲಿ ನಿಂತಿರುತ್ತಾರೆ. "ಏನಿಲ್ಲ ಮಗಾ, ರಸ್ತೆ ಜಾರುತ್ತೆ ಅಂತ ಅಷ್ಟೆ." ನಾನು ಹೊರಗೆ ಹೋಗಿದ್ದಾಗ ಒಮ್ಮೆ ಒಲೆಯ ಮೇಲೆ ಪಾತ್ರೆ ಸುಟ್ಟರು, ಒಮ್ಮೆ ಕೊಟ್ಟಿಗೆಯ ಬಳಿ ಬಿದ್ದು ಒಂದು ಗಂಟೆ ಎದ್ದಿರಲಿಲ್ಲ. ಆಮೇಲೆ ನಾನು ಎಲ್ಲಿಗೂ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ನಮ್ಮ ಕಣಿವೆಯಲ್ಲಿ ಜನವರಿಯ ಬಿಸಿಲು ಮೂರು ಗಂಟೆಗೆ ಗುಡ್ಡದ ಹಿಂದೆ ಹೋಗುತ್ತದೆ. ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರು, ಒಲೆ, ಮತ್ತು ಅವರು ಸಕ್ಕರೆ ಕಲಕುವ ಚಮಚದ ಸದ್ದು. ಅವರು ಕಲಕುವುದನ್ನು ನಿಲ್ಲಿಸುವವರೆಗೆ ನಾನು ಉಸಿರು ಹಿಡಿದಿರುತ್ತಿದ್ದೆ ಎಂದು ಎಷ್ಟೋ ದಿನಗಳ ಮೇಲೆ ನನಗೇ ತಿಳಿಯಿತು.

ಕ್ರಿಸ್‌ಮಸ್‌ನ ಮಾರನೇ ದಿನದಿಂದ ಜನವರಿಯ ಮಧ್ಯದವರೆಗೆ ನಮ್ಮ ಕಾಡಿನಲ್ಲಿ ಚಕಮಕಿ ಕೋವಿಯವರಿಗೆ ಮಾತ್ರ ಬೇಟೆ. ತೋಟಾ ಹಾಕುವ ಬಂದೂಕಿನವರ ಗದ್ದಲ ಆ ಹೊತ್ತಿಗೆ ಮುಗಿದಿರುತ್ತದೆ, ಉಳಿದ ಜಿಂಕೆಗಳು ಬುದ್ಧಿ ಕಲಿತಿರುತ್ತವೆ. ಪ್ಯಾಪ್ ಅವರ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡು ಸುತ್ತಿ, ಗಜಕಡ್ಡಿಯಿಂದ ತಳದವರೆಗೆ ಜಡಿಯಬೇಕು. ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ನಯವಾದ ಮದ್ದು. ಕುದುರೆ, ಅಂದರೆ ಚಕಮಕಿ ಕಲ್ಲು ಕಚ್ಚಿದ ಪುಟ್ಟ ಸುತ್ತಿಗೆ, ಬಿದ್ದಾಗ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಬಟ್ಟಲಿಗೆ ಹಾರುತ್ತದೆ. ಆ ಬೆಂಕಿ ಸೂಜಿ ತೂರುವಷ್ಟು ತೂತಿನಿಂದ ಒಳಗೆ ಹೋದರೆ ಮಾತ್ರ ಈಡು ಹಾರುತ್ತದೆ. ಒಂದೇ ಈಡು. ಎರಡನೆಯದಕ್ಕೆ ಜಿಂಕೆ ಕಾಯುವುದಿಲ್ಲ.

ಸಂಜೆಯವರೆಗೆ ಹೊಡೆಯದಿದ್ದರೆ ಬಟ್ಟಲಿನ ಮದ್ದನ್ನು ಊದಿಬಿಟ್ಟು, ತೇವ ಒಳಗೆ ಹೋಗದಂತೆ ತೂತಿಗೆ ಟರ್ಕಿ ಕೋಳಿಯ ಗರಿಯ ಕಡ್ಡಿ ಸಿಕ್ಕಿಸಿ, ಕೋವಿಯನ್ನು ಜಗಲಿಯ ಗೋಡೆಗೆ ತೂಗುಹಾಕುತ್ತೇವೆ. ಒಳಗಿನ ಮದ್ದು ಗುಂಡು ಹಾಗೇ ಇರುತ್ತವೆ. ಎಷ್ಟೇ ಕೊರೆಯಲಿ, ಕೋವಿ ಹೊಸ್ತಿಲು ದಾಟಿ ಒಳಗೆ ಬರಬಾರದು. ಒಲೆಯ ಬಿಸಿಗೆ ತಣ್ಣಗಿನ ಕಬ್ಬಿಣ ಬೆವರುತ್ತದೆ, ಒಳಗಿನ ಮದ್ದು ನೆನೆಯುತ್ತದೆ. ಈ ಕಣಿವೆಯಲ್ಲಿ ಕುಡಿದು ಬಿದ್ದವನನ್ನೂ ಕ್ಷಮಿಸುತ್ತಾರೆ, ಮದ್ದು ತುಂಬಿದ ಕೋವಿಯನ್ನು ಒಳಗೆ ತಂದವನನ್ನು ನೆನಪಿಟ್ಟುಕೊಳ್ಳುತ್ತಾರೆ. ಡ್ವೇನ್ ಚಿಕ್ಕವನಿದ್ದಾಗ ಒಮ್ಮೆ ತಂದನಂತೆ. ಪ್ಯಾಪ್ ಆ ವರ್ಷವಿಡೀ ಅವನಿಗೆ ಕೋವಿ ಮುಟ್ಟಗೊಡಲಿಲ್ಲ. ಮದುವೆಯಾದ ಮೇಲೂ ಡ್ವೇನ್ ಅದನ್ನು ಹೇಳುವಾಗ ಕಿವಿ ಕೆಂಪಗಾಗುತ್ತಿತ್ತು.

ಹಿಂದಿನ ವರ್ಷ ನಾನು ಮದ್ದೇ ಮರೆತಿದ್ದರಿಂದ ಈ ಸಲ ಕೋವಿ ತುಂಬುವ ಕೆಲಸ ಪ್ಯಾಪ್ ತೆಗೆದುಕೊಂಡರು. ಅವರ ಕಣ್ಣು ಮಂಜಾಗಿದೆ, ಬೆರಳುಗಳಿಗೆ ಎಲ್ಲ ಗೊತ್ತು. ಕ್ರಿಸ್‌ಮಸ್ ಸಂಜೆಯೇ ಜಗಲಿಯಲ್ಲಿ ಕೂತು ತುಂಬಿಟ್ಟರು.

ಮೊದಲ ದಿನವೇ ಹಳೆಯ ಸೇಬಿನ ತೋಟದ ಅಂಚಿಗೆ ಒಂದು ಹೆಣ್ಣು ಜಿಂಕೆ ಬಂತು. ಮೂವತ್ತು ಹೆಜ್ಜೆ ದೂರ. ನಾನು ನಡುಗಲಿಲ್ಲ. ಕುದುರೆ ಬಿತ್ತು, ಬಟ್ಟಲಿನಲ್ಲಿ ಬುಸ್ಸೆಂದು ಬೆಂಕಿ ಎದ್ದಿತು, ಹೊಗೆ ಮೂಗಿಗೆ ಬಂತು. ಅಷ್ಟೇ. ಜಿಂಕೆ ತಲೆಯೆತ್ತಿ ನನ್ನನ್ನು ನೋಡಿತು. ಮತ್ತೆ ಬಟ್ಟಲು ತುಂಬಿ ಹೊಡೆದೆ. ಮತ್ತೆ ಬುಸ್ಸು. ಜಿಂಕೆ ಅವಸರವಿಲ್ಲದೆ ನಡೆದುಹೋಯಿತು.

ಪ್ಯಾಪ್ ಜಗಲಿಯಲ್ಲಿ ಕಾಯುತ್ತಿದ್ದರು. "ಢಂ ಅನ್ನೋದು ಕೇಳಿಸ್ಲಿಲ್ಲ," ಎಂದರು.

"ಬಟ್ಟಲಲ್ಲಿ ಹತ್ತಿ ಅಲ್ಲೇ ಆರಿಹೋಯ್ತು, ಪ್ಯಾಪ್."

"ಕಲ್ಲಿನ ತಪ್ಪು. ಕೊಡಿಲ್ಲಿ." ತೂತಿನಿಂದ ಒಣ ಮದ್ದು ಒಳಗೆ ತಳ್ಳಿ ತಳ್ಳಿ ಕೊನೆಗೆ ಗುಂಡನ್ನು ಗಾಳಿಗೆ ಹಾರಿಸಿದರು. ಒರೆಸಿ, ಬೇರೆ ಕಲ್ಲು ಕಟ್ಟಿ, ಮತ್ತೆ ತುಂಬಿದರು. "ಬೇಜಾರ್ ಮಾಡ್ಕೋಬೇಡ ಮಗಾ. ಇದು ಹೆಂಗಸಿನ ಹಾಗೆ, ಒಲಿಯೋಕೆ ಟೈಮ್ ತಗೊಳ್ಳುತ್ತೆ."

"ಯಾವ ಹೆಂಗಸು ಟೈಮ್ ತಗೊಂಡ್ಲು ನಿಮಗೆ?"

"ನಿಮ್ಮತ್ತೆ. ನಾಲ್ಕು ವರ್ಷ." ಅವರು ನಕ್ಕರು, ನಾನೂ ನಕ್ಕೆ.

ಅದೇ ವಾರ ಮತ್ತೆ ಹಾಗೇ ಆಯಿತು. ಹೊಸ ವರ್ಷದ ದಿನ ಹಂದಿಮಾಂಸ ಮತ್ತು ಹುಳಿ ಬಂದ ಕೋಸು ತಿನ್ನಲು ಬಂದ ಎಲ್ವುಡ್‌ಗೆ ಇಡೀ ಊಟಕ್ಕೆ ಅದೇ ವ್ಯಂಜನ. "ಅಲ್ಲ ಲೊರೀನ್, ಜಿಂಕೆಗೆ ಫೋಟೋ ತೆಗೀತಿದೀಯೋ ಹೆಂಗೆ? ಬರೀ ಬೆಳಕು ಬಿಡ್ತೀಯಂತೆ?" ಎರಡನೆಯ ವಾರ ಇನ್ನೆರಡು ಸಲ. ನಾಲ್ಕು ಜಿಂಕೆ, ನಾಲ್ಕು ಬುಸ್ಸು. ಪ್ರತಿಸಲವೂ ಪ್ಯಾಪ್ ಕೋವಿ ಇಸಿದುಕೊಂಡು, ಚೊಕ್ಕ ಮಾಡಿ, ತಾವೇ ತುಂಬಿಟ್ಟರು. ನೇಡೀನ್ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದಳು: "ಏನಾಯ್ತು? ನಾನು ಮಂಚ ತಂದಿಟ್ಟು ಕಾಯ್ತಿದೀನಿ. ಈ ವರ್ಷ ಆಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಅಪ್ಪ ಬಾಯಿ ಬಿಡೋಕೂ ಬಿಡಲ್ಲ."

"ನನಗೆ ಗೊತ್ತು, ನೇಡೀನ್."

"ನಿಂಗೇನು ಗೊತ್ತು? ನಿಂಗೆ ಅಪ್ಪ ಇದ್ರೂ ಒಂದೇ ಹೋದ್ರೂ ಒಂದೇ ಅಂದ್ಕೊಂಡಿದೀನಿ."

ನಾನು ಫೋನ್ ಇಟ್ಟೆ. ಪ್ಯಾಪ್ ಮೂರು ಮಾರು ದೂರದಲ್ಲಿ ಕೂತಿದ್ದರು.

ಬೇಟೆ ಮುಗಿಯಲು ಮೂರು ದಿನವಿತ್ತು. ಗುರುವಾರ. ಅಂದು ಬೆಳಗಿನ ಜಾವ ಚಳಿ ಎಷ್ಟಿತ್ತೆಂದರೆ ಜಗಲಿಯ ಹಲಗೆಗಳು ಟಪ್ ಟಪ್ ಎನ್ನುತ್ತಿದ್ದವು. ಕೋವಿ ಇಳಿಸಲು ಕೈಗವಸು ತೆಗೆದು ಮುಟ್ಟಿದೆ. ನಳಿಗೆಯ ಮೇಲೆಲ್ಲ ಸಕ್ಕರೆ ಚೆಲ್ಲಿದಂತೆ ಇಬ್ಬನಿ ಹೆಪ್ಪುಗಟ್ಟಿತ್ತು. ಕುದುರೆಯ ಕೆಳಗೆ, ಬಟ್ಟಲಿನ ಸುತ್ತ, ತೆಳ್ಳಗಿನ ಗಾಜಿನಂಥ ಮಂಜು. ಯಾವ ಯೋಚನೆಯೂ ಇಲ್ಲದೆ ಪಕ್ಕದ ಮೊಳೆಯಲ್ಲಿದ್ದ ಕೊಡಲಿಯನ್ನು ಮುಟ್ಟಿದೆ. ಒಣ. ಅದರ ಪಕ್ಕದ ಗರಗಸ. ಅದೂ ಒಣ, ಕಪ್ಪಗೆ, ಬೆರಳು ಸುಡುವಷ್ಟು ತಣ್ಣಗೆ. ಮೂರೂ ಒಂದೇ ಗೋಡೆಯಲ್ಲಿ ಇಡೀ ರಾತ್ರಿ ಇರಬೇಕಾದವು. ಒಂದು ಮಾತ್ರ ಬೆವರಿತ್ತು.

ಬಾಗಿಲು ಅರ್ಧ ತೆರೆದು ಒಳಗೆ ನೋಡಿದೆ. ಒಲೆಯ ಪಕ್ಕ, ಹಲಗೆಯ ಮೇಲೆ, ಕೋವಿಯ ಹಿಡಿ ಊರಿದಷ್ಟು ಅಗಲದ ಒದ್ದೆ ಗುರುತು.

ಪ್ಯಾಪ್ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಹಿಂದಿನಿಂದ ಅವರ ದನಿ ಬಂತು, ನಿದ್ದೆಯ ಸುಳಿವೇ ಇಲ್ಲದ ದನಿ. "ಹೊರಟ್ಯಾ, ಮಗಾ?"

"ಹೊರಟೆ, ಪ್ಯಾಪ್."

"ಹುಷಾರು. ತೊರೆ ದಾಟೋವಾಗ ಮಂಜುಗಡ್ಡೆ ನೋಡ್ಕೊಂಡು ಕಾಲಿಡು."

"ಸರಿ."

ಬೇಗ ಬೇಗ ಗುಡ್ಡ ಹತ್ತಿದೆ. ಒಮ್ಮೆ ನಿಂತು ಗಟ್ಟಿಯಾಗಿ "ಮುದುಕಾ" ಎಂದೆ. ಹಿಮ ಆ ಮಾತನ್ನು ನುಂಗಿತು. ಇಪ್ಪತ್ತೇಳು ವರ್ಷಗಳಲ್ಲಿ ನಾನು ಅವರನ್ನು ಹಾಗೆ ಕರೆದದ್ದು ಅದೇ ಮೊದಲು, ಅದೂ ಯಾರೂ ಇಲ್ಲದ ಕಡೆ.

ಹೆಮ್ಲಾಕ್ ಮರದ ಬುಡದಲ್ಲಿ ಕೂತೆ. ಮೊದಲು ಮಾಡಬೇಕಾದ್ದು ಕೋವಿ ಬಿಚ್ಚುವ ಕೆಲಸ. ಗಜಕಡ್ಡಿಯ ತುದಿಗೆ ಸ್ಕ್ರೂ ಕೂರಿಸಿ, ನಳಿಗೆಯೊಳಗೆ ಇಳಿಸಿ, ಸೀಸದ ಗುಂಡಿಗೆ ಅದು ಕಚ್ಚುವವರೆಗೆ ತಿರುಗಿಸಿ, ಕೋವಿಯನ್ನು ಬೂಟುಗಳ ನಡುವೆ ಒತ್ತಿ ಹಿಡಿದು ಎಳೆದೆ. ಎರಡು ಸಲ ಕೈ ಜಾರಿತು. ಮೂರನೆಯ ಸಲ ಗುಂಡು ಹೊರಬಂತು, ಹಿಂದೆಯೇ ಮದ್ದು. ಪುಡಿಯಲ್ಲ, ಕಪ್ಪು ಗಸಿ. ಅಂಗೈ ಮೇಲೆ ಉಜ್ಜಿದರೆ ಬೂಟ್ ಪಾಲಿಶ್‌ನಂತೆ ಹತ್ತಿಕೊಂಡಿತು. ತೂತಿಗೆ ಸಿಕ್ಕಿಸಿದ್ದ ಗರಿಯನ್ನು ಅವರು ತೆಗೆದಿಟ್ಟು, ಬೆಳಿಗ್ಗೆ ಮತ್ತೆ ಸಿಕ್ಕಿಸಿದ್ದರೆಂದು ಅದರಿಂದಲೇ ಗೊತ್ತಾಯಿತು.

ಆಗ ನನಗೆ ಕಾಣಿಸಿದ್ದು ಬೇರೆಯೇ. ಎಂಬತ್ತಾರು ವರ್ಷದ ಮನುಷ್ಯ, ಸೊಂಟ ಸರಿಯಿಲ್ಲ. ಕೋಲು ಊರಿದರೆ ಸದ್ದಾಗುತ್ತದೆ, ಹಾಗಾಗಿ ಕೋಲಿಲ್ಲದೆ ಎದ್ದಿರಬೇಕು. ಗೋಡೆ ಹಿಡಿದು, ಕಾಲುಚೀಲದಲ್ಲೇ ಮಂಜುಗಟ್ಟಿದ ಜಗಲಿಗೆ ಹೋಗಿ, ಅಷ್ಟು ಭಾರದ ಕೋವಿ ಇಳಿಸಿ ಒಳಗೆ ತಂದು, ಒಲೆಗೆ ಒರಗಿಸಿ, ನಾನು ಏಳುವ ಮೊದಲು ಮತ್ತೆ ಹೊರಗಿಡಲು ಇಡೀ ರಾತ್ರಿ ಎಚ್ಚರವಿದ್ದು. ಒಂದು ರಾತ್ರಿಯಲ್ಲ, ಪ್ರತಿ ರಾತ್ರಿ. ತಾವೇ ಮಗನಿಗೆ ಕ್ಷಮಿಸದ ತಪ್ಪನ್ನು ತಿಳಿದೂ ತಿಳಿದೂ ಮಾಡಿದ್ದು. ನನ್ನನ್ನು ಉಳಿಸಿಕೊಳ್ಳಲು ಯಾರೂ ಇಷ್ಟು ಕಷ್ಟಪಟ್ಟಿರಲಿಲ್ಲ. ಡ್ವೇನ್ ಕೂಡ.

ಆ ಯೋಚನೆ ಬಂದದ್ದೇ ನನಗೆ ಭಯವಾಯಿತು. ಯಾಕೆಂದರೆ ಅದು ಸಿಟ್ಟಿಗಿಂತ ಬಿಗಿ. ಸಿಟ್ಟನ್ನು ಹೊತ್ತುಕೊಂಡು ಬಾಗಿಲು ದಾಟಬಹುದು. ಇದನ್ನು ಹೊತ್ತುಕೊಂಡರೆ ನಾನು ಮನೆಗೆ ಹೋಗಿ ಸಾರು ಬಿಸಿ ಮಾಡುತ್ತೇನೆ, ಫೆಬ್ರವರಿ ಬಂದು ಹೋಗುತ್ತದೆ, ಅವರು ತೊಂಬತ್ತಾಗುತ್ತಾರೆ, ನಾನು ಐವತ್ತೈದು. ಆಮೇಲೆ ಒಂದು ದಿನ ಅವರನ್ನು ಗುಡ್ಡದ ಮೇಲೆ ಡ್ವೇನ್ ಪಕ್ಕ ಮಲಗಿಸಿ ಬಂದು, ನಾನೊಬ್ಬಳೇ ಕೂತು ನನ್ನ ಚಮಚದ ಸದ್ದನ್ನು ಕೇಳುತ್ತೇನೆ. ಎಲ್ಲರೂ ನನ್ನನ್ನು ಒಳ್ಳೆಯ ಸೊಸೆ ಎನ್ನುತ್ತಾರೆ.

ನಳಿಗೆ ಒರೆಸಿದೆ. ಮೊದಲ ಬಟ್ಟೆ ಕಪ್ಪಾಗಿ ಬಂತು, ಎರಡನೆಯದು ಬೂದು, ಐದನೆಯದು ಒಣದಾಗಿ. ತಂತಿಯಿಂದ ತೂತು ಚುಚ್ಚಿ ಊದಿದೆ. ಮದ್ದು ತುಂಬಿಟ್ಟ ಕೊಂಬಿನಿಂದ ಅಳೆದು ಸುರಿದೆ. ಬಟ್ಟೆ, ಗುಂಡು. ಗಜಕಡ್ಡಿ ತಳಕ್ಕೆ ತಾಗಿ ಟಣ್ಣೆಂದು ಪುಟಿಯುವವರೆಗೆ ಜಡಿದೆ. ಈ ಕೋವಿಯನ್ನು ಯಾರೂ ನೋಡುತ್ತಿಲ್ಲದಾಗ, ಯಾರೂ "ಕೊಡಿಲ್ಲಿ" ಎನ್ನದೆ ನಾನೇ ತುಂಬಿದ್ದು ಅದೇ ಮೊದಲು. ಮದ್ದು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಅನುಮಾನ ಬಂತು. ಹಾಕಿದ್ದೆ.

ಒಂಬತ್ತು ಗಂಟೆಗೆ ಬಂದವು. ಮೂರು ಹೆಣ್ಣು ಜಿಂಕೆಗಳು, ಬೀಚ್ ಮರಗಳ ನಡುವೆ ಸಾಲಾಗಿ, ಕಾಲನ್ನು ಹಿಮದಿಂದ ಎತ್ತೆತ್ತಿ ಇಡುತ್ತಾ. ಮುಂದಿನದು ದೊಡ್ಡದು. ಅದು ಎರಡು ಸಲ ನಿಂತು ಹಿಂದೆ ತಿರುಗಿ ಉಳಿದವು ಬರುತ್ತಿವೆಯೇ ಎಂದು ನೋಡಿತು. ಅದು ನೋಡದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ಬಟ್ಟಲಿಗೆ ಮದ್ದು ಹಾಕಿ ಮುಚ್ಚಿದೆ. ಕುದುರೆ ಹಿಂದಕ್ಕೆಳೆದಾಗ ಬಂದ ಸಣ್ಣ ಸದ್ದಿಗೆ ಅದರ ಕಿವಿ ತಿರುಗಿತು.

ಈಗಲೂ ತಪ್ಪಿಸಬಹುದಿತ್ತು. ಒಂದು ಬೆರಳಷ್ಟು ಮೇಲೆ ಹಿಡಿದರೆ ಸಾಕು. ಎಲ್ವುಡ್ ನಗುತ್ತಾನೆ, ಪ್ಯಾಪ್ "ಬೇಜಾರ್ ಮಾಡ್ಕೋಬೇಡ" ಎನ್ನುತ್ತಾರೆ, ಮತ್ತು ಯಾರೂ ಯಾರನ್ನೂ ಹೊರಗೆ ಹಾಕಿದಂತಾಗುವುದಿಲ್ಲ. ನಾನು ಮುಂಗಾಲಿನ ಹಿಂದೆ, ಎದೆಯ ಗೆರೆಗೆ ಗುರಿ ಇಟ್ಟೆ.

ಬುಸ್ಸು ಮತ್ತು ಢಂ ಒಟ್ಟಿಗೇ ಬಂದವು. ಭುಜಕ್ಕೆ ಪೆಟ್ಟು. ಬಿಳಿ ಹೊಗೆ ಎದುರಿಗೆ ಹಾಸಿಕೊಂಡು ಏನೂ ಕಾಣದಾಯಿತು. ಸದ್ದು ಎದುರಿನ ಗುಡ್ಡಕ್ಕೆ ಹೋಗಿ, ಬಡಿದು, ಕಣಿವೆಯ ಉದ್ದಕ್ಕೂ ಉರುಳಿತು. ಅದು ನಮ್ಮ ಮನೆಯ ಮೇಲೆ ಹಾದುಹೋದ ಗಳಿಗೆಯೂ ನನಗೆ ಗೊತ್ತಾಯಿತು.

ಅರ್ಧ ಗಂಟೆ ಕಾದೆ, ಡ್ವೇನ್ ಹೇಳಿಕೊಟ್ಟಂತೆ. ಆಮೇಲೆ ಎದ್ದು ನಡೆದೆ. ಹಿಮದ ಮೇಲೆ ಕೂದಲು, ಮೊದಲು ರಕ್ತದ ಹನಿ, ಆಮೇಲೆ ಧಾರೆ. ಅರವತ್ತು ಹೆಜ್ಜೆ. ಬಿದ್ದ ಓಕ್ ಮರದ ಆಚೆ ಅದು ಕಾಲು ಮಡಚಿ ಮಲಗಿತ್ತು, ದಣಿದು ಕೂತ ಹಾಗೆ. ಕಡ್ಡಿಯಿಂದ ಕಣ್ಣು ಮುಟ್ಟಿದೆ. ಮಿಟುಕಲಿಲ್ಲ.

ಮೂರು ಚಳಿಗಾಲ ಈ ಗಳಿಗೆಯನ್ನು ನೆನೆದಿದ್ದೆ. ನೆನೆದಾಗೆಲ್ಲ ನಾನು ಅಳುತ್ತಿದ್ದೆ ಅಥವಾ ಕೂಗುತ್ತಿದ್ದೆ. ಈಗ ಎರಡೂ ಬರಲಿಲ್ಲ. ಅದರ ಕಿವಿಗೆ ಬೇಟೆ ಪರವಾನಗಿಯ ಚೀಟಿ ಕಟ್ಟಿದೆ, ಅಂಗಿಯ ತೋಳು ಮಡಚಿ ಹೊಟ್ಟೆ ಸೀಳಿದೆ, ಮೊಣಕೈವರೆಗೆ ಅದರ ಬಿಸಿಯೊಳಗೆ ಕೈಯಿಟ್ಟು ಕೆಲಸ ಮಾಡಿದೆ. ಪಿತ್ತಜನಕಾಂಗವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡೆ. ಬೆರಳು ಮಡಚಿ ದಿನ ಎಣಿಸಿದೆ: ಶುಕ್ರ, ಶನಿ, ಭಾನು. ನಾನು ಎಣಿಸಿದ್ದು ನನಗೇ ಅಸಹ್ಯವಾಯಿತು. ಆದರೂ ಮತ್ತೊಮ್ಮೆ ಎಣಿಸಿದೆ.

ತೊರೆಯ ಹತ್ತಿರ ಎಳೆದು ತರುವಷ್ಟರಲ್ಲಿ ಎಲ್ವುಡ್ ಪಿಕಪ್ ತಂದು ನಿಲ್ಲಿಸಿದ್ದ. ಸದ್ದು ಕೇಳಿ ಕಾಫಿ ಬಿಟ್ಟು ಬಂದಿದ್ದನಂತೆ. "ನೋಡಪ್ಪಾ! ಹೆಂಗಸು ಕೊನೆಗೂ ಮಾಂಸ ತಂದ್ಲು!" ಎಂದು ಕೂಗಿ, ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಇಬ್ಬರೂ ಸೇರಿ ಹಿಂಭಾಗಕ್ಕೆ ಎತ್ತಿ ಹಾಕಿ, ಮನೆಗೆ ತಂದು ಕೊಟ್ಟಿಗೆಯ ತೊಲೆಗೆ ತೂಗುಹಾಕಿದೆವು.

ಪ್ಯಾಪ್ ಉಣ್ಣೆಯ ಕೋಟು ಹಾಕಿಕೊಂಡು, ಕೋಲೂರಿ, ಹಿಮದಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಕೈಯಿಂದ ಜಿಂಕೆಯ ಬೆನ್ನು ಸವರಿದರು, ಪಕ್ಕೆ ಸವರಿದರು, ಗುಂಡು ಹೊಕ್ಕ ಜಾಗ ಸಿಕ್ಕಾಗ ಬೆರಳು ಅಲ್ಲೇ ನಿಲ್ಲಿಸಿದರು.

"ಒಳ್ಳೇ ಈಡು," ಎಂದರು. "ಡ್ವೇನ್ ಹೊಡೆದಿದ್ರೂ ಇದಕ್ಕಿಂತ ಚೆನ್ನಾಗಿ ಹೊಡೀತಿರ್ಲಿಲ್ಲ."

"ಅದೆಲ್ಲ ಇರ್ಲಿ," ಎಂದ ಎಲ್ವುಡ್. "ನಾಲ್ಕು ಸಲ ಬುಸ್ ಅಂದ ಕೋವಿ ಇವತ್ತು ಹೆಂಗೆ ಬಾಯಿ ಬಿಡ್ತು? ಏನ್ ಮಾಡ್ದೆ ತಾಯಿ, ಮುತ್ತು ಕೊಟ್ಯಾ ಅದಕ್ಕೆ?"

"ಕಲ್ಲು ಬದಲಾಯಿಸ್ದೆ," ಎಂದೆ.

"ಕಲ್ಲಲ್ಲ," ಎಂದರು ಪ್ಯಾಪ್.

ನಾನು ಅವರ ಕಡೆ ನೋಡಿದೆ. ಅವರು ಜಿಂಕೆಯ ಕಡೆಗೇ ಮುಖ ಮಾಡಿದ್ದರು.

"ಕೋವೀನ ನಾನು ಒಳಗೆ ತರ್ತಿದ್ದೆ. ರಾತ್ರಿ. ಒಲೆ ಪಕ್ಕ ಇಡ್ತಿದ್ದೆ."

ಎಲ್ವುಡ್ ಮೊದಲು ನಕ್ಕ, ಇನ್ನೊಂದು ತಮಾಷೆ ಇರಬೇಕೆಂದು. ಆಮೇಲೆ ನನ್ನ ಮುಖ ನೋಡಿದ. ಅವನ ಬಾಯಿ ನಿಧಾನಕ್ಕೆ ಮುಚ್ಚಿತು. "ಮದ್ದು ತುಂಬಿದ್ದನ್ನ?" ಎಂದ.

"ತುಂಬಿದ್ದನ್ನ. ಗರಿ ಕಿತ್ತು."

ಎಲ್ವುಡ್ ಹಗ್ಗದ ಗಂಟನ್ನು ಎಳೆದು ನೋಡಿದ, ಅದು ಬಿಗಿಯಾಗೇ ಇತ್ತು. "ಆರ್ವಲ್," ಎಂದ. ಅವನು ಪ್ಯಾಪ್ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಎಂದೂ ಕೇಳಿರಲಿಲ್ಲ. ಬೈದಿದ್ದರೆ, ಗೇಲಿ ಮಾಡಿದ್ದರೆ ಪ್ಯಾಪ್ ತಡೆದುಕೊಳ್ಳುತ್ತಿದ್ದರು. "ಕಾಫಿ ಬೇಡ ಲೊರೀನ್, ಮನೇಲಿ ಒಲೆ ಹಾಗೇ ಬಿಟ್ಟು ಬಂದೆ," ಎಂದು ಪಿಕಪ್ ಹತ್ತಿ ಹೋದ. ಸಂಜೆಯೊಳಗೆ ಕಣಿವೆಯ ಎಂಟು ಮನೆಗೂ ಸುದ್ದಿ ಮುಟ್ಟುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು.

ಅಡುಗೆಮನೆಯಲ್ಲಿ ನಾನು ಈರುಳ್ಳಿ ಹೆಚ್ಚಿದೆ. ಮೊದಲ ದಿನ ಪಿತ್ತಜನಕಾಂಗವನ್ನೇ ಹುರಿಯುವುದು ನಮ್ಮ ಪದ್ಧತಿ. ಬಾಣಲೆಯಲ್ಲಿ ಕೊಬ್ಬು ಕರಗುತ್ತಿತ್ತು. ಪ್ಯಾಪ್ ತಮ್ಮ ಕುರ್ಚಿಯಲ್ಲಿ ಕೋಟು ತೆಗೆಯದೆ ಕೂತಿದ್ದರು.

"ಹೇಳಿಬಿಟ್ನಲ್ಲ ಮಗಾ," ಎಂದರು. "ನೀನು ಮುಚ್ಚಿಟ್ಟೆ. ನಾನೇ ಹೇಳ್ದೆ. ಅವನೆದುರಿಗೇ."

"ಹೇಳಿದ್ರಿ."

"ಅದು ಸುಲಭ ಇರ್ಲಿಲ್ಲ."

"ಗೊತ್ತು, ಪ್ಯಾಪ್."

"ನಿಂಗೆ ಸಿಟ್ಟಿದ್ರೆ ಬೈದುಬಿಡು. ಬೈದು ಮುಗಿಸು. ಆಮೇಲೆ ಇಬ್ರೂ ಊಟ ಮಾಡೋಣ."

ಅವರ ದನಿಯಲ್ಲಿ ಒಂದು ಆಸೆ ಇತ್ತು. ಅದನ್ನು ನಾನು ಕೇಳಿಸಿಕೊಂಡೆ. ಎಲ್ವುಡ್ ಎದುರಿಗೆ ಅವರು ಕಳೆದುಕೊಂಡದ್ದು ಅರವತ್ತು ವರ್ಷದ ಮರ್ಯಾದೆ. ಅದನ್ನು ಅವರು ನನ್ನ ಮುಂದೆ ತಂದು ಇಟ್ಟಿದ್ದರು, ಸಾಕೇ ಎಂದು ಕೇಳುತ್ತಾ. ಸಾಕು ಎನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು. ಇಷ್ಟು ವರ್ಷ ಅದು ತಾನಾಗೇ ತೆರೆಯುತ್ತಿತ್ತು, ನಾನು ಹೇಳುವ ಮೊದಲೇ.

ಚಾಕು ಕೆಳಗಿಟ್ಟೆ. "ಭಾನುವಾರ," ಎಂದೆ.

"ಈ ಭಾನುವಾರಾನಾ?"

"ಈ ಭಾನುವಾರ."

"ರಸ್ತೆ ಮೇಲೆ ಹಿಮ..."

"ರಸ್ತೆ ತೆರೆದಿದೆ."

"ಮಾಂಸ ಕಡಿದು ಕಟ್ಟಬೇಕಲ್ಲ. ನಿಂಗೆ ಕೀಲು ಬಿಡಿಸೋಕೆ ಬರಲ್ಲ. ಮಾರ್ಚ್‌ವರೆಗೆ..."

"ನಾಳೆ ಕೂತು ಹೇಳಿಕೊಡಿ. ಎರಡು ದಿನ ಇದೆ."

ಅವರು ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಆಮೇಲೆ ಕೇಳಿದರು, "ನೀನೆಲ್ಲಿಗೆ ಹೋಗ್ತೀಯ?" ಅವರು ಅದನ್ನು ಕೇಳಿದ್ದು ಅದೇ ಮೊದಲು. ನಾನು ಹೋಗುತ್ತೇನೆಂದು ಈ ಕಣಿವೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಲೋಯಿಸ್ ಹತ್ರ. ಕೆಲಸ ಇದೆ."

"ಯಾವಾಗಿಂದ ಗೊತ್ತಿತ್ತು?"

"ಅಕ್ಟೋಬರಿಂದ. ನಿಮಗೆ?"

"ನೀನು ಬೇಸಿಗೇಲಿ ಚಳಿಗಾಲಕ್ಕೆ ಅಂತ ಹಾಕೋ ಉಪ್ಪಿನಕಾಯಿ ಅರ್ಧಾನೇ ಹಾಕಿದ್ಯಲ್ಲ," ಎಂದರು ಪ್ಯಾಪ್. "ಆವಾಗಿಂದ."

ನಾನು ಗೋಡೆಯ ಫೋನ್ ಎತ್ತಿ ನೇಡೀನಳ ನಂಬರು ಒತ್ತಿದೆ. ಆ ಕಡೆ ಅವಳ ದನಿ ಬಂತು. "ಬಿತ್ತು," ಎಂದೆ. ಅವಳು ಕಿರುಚಿದ್ದು ಪ್ಯಾಪ್ ಅವರಿಗೂ ಕೇಳಿಸಿರಬೇಕು. "ಹೌದಾ? ನಿಜವಾಗ್ಲೂ? ಅಪ್ಪ ಏನಂದ? ಒಪ್ಪಿದ್ನಾ?"

ಒಪ್ಪಿದ್ದಾರೆ ಎಂದು ನಾನೇ ಹೇಳಬಹುದಿತ್ತು. ಅವರ ಪರವಾಗಿ ಹೇಳುವುದೂ ನನಗೆ ಇಷ್ಟು ವರ್ಷದ ಅಭ್ಯಾಸ. ಅದರ ಬದಲು ಫೋನನ್ನು ತಂತಿ ಎಟುಕುವಷ್ಟು ದೂರ ಎಳೆದು ಅವರ ಮುಂದೆ ಹಿಡಿದೆ.

ಅವರು ಅದನ್ನು ನೋಡಿದರು. ತೆಗೆದುಕೊಳ್ಳಲಿಲ್ಲ. ಒಳಗಿನಿಂದ ನೇಡೀನ್, "ಹಲೋ? ಹಲೋ?" ಎನ್ನುತ್ತಿದ್ದಳು. ನನ್ನ ತೋಳು ನೋಯತೊಡಗಿತು. ನಾನು ಕೈ ಇಳಿಸಲಿಲ್ಲ. ಕೊನೆಗೆ ಅವರು ಎರಡೂ ಕೈಯಿಂದ ಫೋನ್ ಹಿಡಿದು, ಕಿವಿಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡರು.

"ನೇಡೀನ್," ಎಂದರು. "ಆ ಕೋಣೆ ಕಿಟಕಿ ಯಾವ ಕಡೆಗಿದೆ?"

ಅವಳೇನೋ ಉತ್ತರ ಹೇಳುತ್ತಿದ್ದಳು. ಅವರು ತಲೆಯಾಡಿಸದೆ ಕೇಳುತ್ತಿದ್ದರು. ಬಾಣಲೆಯಿಂದ ಸುಟ್ಟ ವಾಸನೆ ಬರತೊಡಗಿತ್ತು. ನಾನು ತಿರುಗಿ ಈರುಳ್ಳಿಯನ್ನು ಕೆದಕಿ, ಮಾಂಸದ ತುಂಡುಗಳನ್ನು ಒಂದೊಂದಾಗಿ ಕೊಬ್ಬಿನೊಳಗೆ ಬಿಟ್ಟೆ.